ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ: ಎರಡು ರೂಟರ್‌ಗಳ ನಡುವಿನ ದಾರಿಯನ್ನು ಸರಿಪಡಿಸಿದ ದಾಖಲೆ

ಮನೆಯ ಕೆಳಗಿನ ಹಜಾರದಲ್ಲಿ ಒಂದು ರೂಟರ್, ಮಹಡಿಯ ಕೋಣೆಯಲ್ಲಿ ಇನ್ನೊಂದು. ಎರಡಕ್ಕೂ ನಂಟು ಗೋಡೆಯೊಳಗಿನಿಂದ ಹಾದುಹೋದ ಒಂದೇ ಒಂದು ಈಥರ್ನೆಟ್ ಕೇಬಲ್. ಕೆಳಗಿನ ರೂಟರ್ ಇಂಟರ್ನೆಟ್ ಕಡೆಯ ಬಾಗಿಲು. ಅದರ ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸ 192.168.1.1. ಮೇಲಿನ ರೂಟರಿನ ವ್ಯಾನ್ (ಹೊರಜಾಲದ ಕಡೆಯ) ಪೋರ್ಟನ್ನು ಕೆಳಗಿನದರ ನಾಲ್ಕನೇ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ್ದೇನೆ. ಹಾಗಾಗಿ ಮೇಲಿನದಕ್ಕೆ ಎರಡು ಮುಖ: ಕೆಳಗಿನ ಕಡೆಗೆ 192.168.1.2, ತನ್ನ ಕೋಣೆಯ ಕಡೆಗೆ 192.168.2.1. ಎರಡರಲ್ಲೂ ಓಡುತ್ತಿರುವುದು ಓಪನ್‌ಡಬ್ಲ್ಯೂಆರ್‌ಟಿ ಎಂಬ ರೂಟರ್ ತಂತ್ರಾಂಶ.

ಮಹಡಿಯಲ್ಲಿ ಒಂದು ನ್ಯಾಸ್ ಪೆಟ್ಟಿಗೆ (ಜಾಲದ ಮೂಲಕ ಕಡತಗಳನ್ನು ಇಡುವ ಯಂತ್ರ) ಇದೆ, ವಿಳಾಸ 192.168.2.10. ಕೆಳಗೆ ತಂಗಿಯ ವಿಂಡೋಸ್ ಲ್ಯಾಪ್‌ಟಾಪ್ ಕೇಬಲ್ ಮೂಲಕ ಜಾಲಕ್ಕೆ ಸೇರಿದೆ, ವಿಳಾಸ 192.168.1.20. ಆ ಲ್ಯಾಪ್‌ಟಾಪಿನ ಕಡತಗಳೆಲ್ಲ ಪ್ರತಿ ರಾತ್ರಿ ನ್ಯಾಸ್‌ಗೆ ನಕಲಾಗಬೇಕು ಎಂಬುದೇ ಈ ಇಡೀ ಕೆಲಸದ ಉದ್ದೇಶ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವೈಫೈ ದೂರದ ಕೋಣೆಗೆ ತಲುಪಲಿ ಎಂದಷ್ಟೇ ಎರಡನೇ ರೂಟರ್ ತಂದವರಿಗೆ ಈ ದಾಖಲೆ ಬೇಕಿಲ್ಲ. ಅವರು ಎರಡನೆಯದನ್ನು ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಆಗಿ ಬದಲಾಯಿಸಿ, ಅದರ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ಸೇವೆ) ನಿಲ್ಲಿಸಿ, ಮನೆಗೆಲ್ಲ ಒಂದೇ ಸಬ್‌ನೆಟ್ (ವಿಳಾಸಗಳ ಒಂದೇ ಗುಂಪು) ಇಟ್ಟುಕೊಳ್ಳುವುದು ಮೇಲು. ನನ್ನ ಕಥೆ ಬೇರೆ. ಮಹಡಿಯಲ್ಲಿ ನಾನು ವರ್ಚುವಲ್ ಯಂತ್ರಗಳನ್ನು ಎಬ್ಬಿಸುತ್ತೇನೆ, ಪ್ರಯೋಗಕ್ಕೆಂದು ಡಿಎಚ್‌ಸಿಪಿ ಸರ್ವರ್‌ಗಳನ್ನೂ ಓಡಿಸುತ್ತೇನೆ. ಅವುಗಳಲ್ಲಿ ಒಂದು ಕೆಳಗಿನವರ ಫೋನಿಗೆ ತಪ್ಪು ವಿಳಾಸ ಹಂಚಿದರೆ ಮನೆಮಂದಿಯ ಕೆಲಸವೆಲ್ಲ ನಿಂತುಹೋಗುತ್ತದೆ. ಆದ್ದರಿಂದ ಎರಡು ಸಬ್‌ನೆಟ್ ಬೇರೆಯಾಗಿಯೇ ಇರಬೇಕು, ಅವುಗಳ ನಡುವೆ ದಾರಿಯೂ ಇರಬೇಕು.

ಮೊದಲ ಸಂಜೆ

ಕೆಳಗಿನಿಂದ ಮಹಡಿಯ ನ್ಯಾಸ್ ಸಿಗುತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ ಮಾತ್ರ ಎಲ್ಲವೂ ಸರಿಯಾಗಿತ್ತು. ಮಹಡಿಯಲ್ಲಿ ಕುಳಿತು ಕೆಳಗಿನ ಪ್ರಿಂಟರ್ ಅನ್ನು ತಲುಪಬಹುದಿತ್ತು. ಇದು ನನ್ನನ್ನು ಬಹಳ ಹೊತ್ತು ದಾರಿ ತಪ್ಪಿಸಿತು: ಒಂದು ಕಡೆಯಿಂದ ಹೋಗುತ್ತದೆ ಎಂದಮೇಲೆ ದಾರಿ ಇದೆ, ತಡೆ ನ್ಯಾಸ್‌ನಲ್ಲೇ ಇರಬೇಕು ಎಂದುಕೊಂಡೆ. ಆದರೆ ಮೇಲಿನಿಂದ ಕೆಳಕ್ಕೆ ಹೋಗುತ್ತಿದ್ದುದು ನ್ಯಾಟ್‌ನಿಂದಾಗಿ. ಮೇಲಿನ ರೂಟರ್ ತನ್ನ ಹಿಂದಿನ ಯಂತ್ರಗಳ ವಿಳಾಸವನ್ನು ಅಳಿಸಿ, ಅದರ ಜಾಗದಲ್ಲಿ 192.168.1.2 ಎಂದು ಬರೆದು ಕಳಿಸುತ್ತದೆ. ಕೆಳಗಿನ ಪ್ರಿಂಟರ್‌ಗೆ ಅದು ಪಕ್ಕದ ಮನೆಯವರ ಕರೆಯಂತೆ ಕಾಣುತ್ತದೆ, ಉತ್ತರಿಸುತ್ತದೆ. 192.168.2.0 ಎಂಬ ಜಾಲವೊಂದು ಇದೆ ಎಂಬುದೇ ಕೆಳಗೆ ಯಾರಿಗೂ ಗೊತ್ತಿಲ್ಲ.

ತಂಗಿಯ ಲ್ಯಾಪ್‌ಟಾಪಿನಿಂದ ನ್ಯಾಸ್‌ನತ್ತ ಟ್ರೇಸ್‌ರೂಟ್ (ಮಾಹಿತಿಯ ತುಣುಕಾದ ಪ್ಯಾಕೆಟ್ ದಾಟುವ ರೂಟರ್‌ಗಳನ್ನು ಒಂದೊಂದಾಗಿ ತೋರಿಸುವ ಆದೇಶ) ಓಡಿಸಿದಾಗ ಇದು ಕಣ್ಣಿಗೆ ಕಟ್ಟಿತು. ಮೊದಲ ಹೆಜ್ಜೆ 192.168.1.1. ಎರಡನೆಯದು ಇಂಟರ್ನೆಟ್ ಸೇವೆಯವರ ಕಡೆಯ ಒಂದು ವಿಳಾಸ. ಆಮೇಲೆ ಬರೀ ನಕ್ಷತ್ರಗಳು, ಅಂದರೆ ಉತ್ತರವಿಲ್ಲ. ಮಹಡಿಗೆ ಹೋಗಬೇಕಾದ ಪ್ಯಾಕೆಟ್ ಮುಂಬಾಗಿಲಿನಿಂದ ಬೀದಿಗೆ ಹೋಗಿತ್ತು. ಕೆಳಗಿನ ರೂಟರ್‌ನದು ತಪ್ಪಲ್ಲ; ತನಗೆ ಗೊತ್ತಿಲ್ಲದ ವಿಳಾಸವನ್ನು ಡೀಫಾಲ್ಟ್ ಗೇಟ್‌ವೇ ಕಡೆಗೆ ದೂಡುವುದೇ ಅದರ ಧರ್ಮ. 192.168ರಿಂದ ಶುರುವಾಗುವ ವಿಳಾಸಗಳು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯ ಪ್ರಕಾರ ಖಾಸಗಿ ಬಳಕೆಗೆ ಮೀಸಲು, ಹೊರಗಿನ ಇಂಟರ್ನೆಟ್‌ನಲ್ಲಿ ಅವುಗಳಿಗೆ ದಾರಿ ಇಲ್ಲ. ಆದ್ದರಿಂದ ಪ್ಯಾಕೆಟ್ ಅಲ್ಲೆಲ್ಲೋ ಸತ್ತಿತು.

ಪರಿಹಾರ ಒಂದು ಸಾಲು. ಕೆಳಗಿನ ರೂಟರಿನಲ್ಲಿ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ಸ್ಥಿರ ದಾರಿ): ಗುರಿ 192.168.2.0, ಮಾಸ್ಕ್ (ಜಾಲದ ಗಾತ್ರ ಹೇಳುವ ಅಂಕಿ) 255.255.255.0, ಗೇಟ್‌ವೇ 192.168.1.2. ಗುರಿಯ ಜಾಗದಲ್ಲಿ ಜಾಲದ ವಿಳಾಸವನ್ನೇ ಬರೆಯಬೇಕು, ರೂಟರಿನ ವಿಳಾಸವನ್ನಲ್ಲ. ಗೇಟ್‌ವೇ ಕೂಡ ಕೆಳಗಿನ ರೂಟರ್‌ಗೆ ನೇರವಾಗಿ ಕಾಣುವ ಮುಖವಾಗಿರಬೇಕು. 192.168.2.1 ಎಂದು ಬರೆದರೆ, ಆ ವಿಳಾಸಕ್ಕೆ ಹೋಗುವ ದಾರಿಯನ್ನು ಆ ವಿಳಾಸವನ್ನೇ ಕೇಳಿದಂತಾಗುತ್ತದೆ.

ಈಗ ನ್ಯಾಸ್‌ಗೆ ಪಿಂಗ್, ಅಂದರೆ ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶ, ಕಳಿಸಿದೆ. ಈ ಬಾರಿ ಮೌನವಿರಲಿಲ್ಲ. 192.168.1.2ರಿಂದ ‘ಡೆಸ್ಟಿನೇಷನ್ ಪೋರ್ಟ್ ಅನ್‌ರೀಚಬಲ್’ ಎಂಬ ಉತ್ತರ ಬಂತು. ನನಗೆ ಇದು ಗೆಲುವಿನಷ್ಟೇ ಖುಷಿ ಕೊಟ್ಟಿತು, ಏಕೆಂದರೆ ನಿರಾಕರಣೆ ಬಂದಿದೆ ಎಂದರೆ ಪ್ಯಾಕೆಟ್ ಸರಿಯಾದ ಬಾಗಿಲಿಗೆ ತಲುಪಿದೆ, ಕಾವಲುಗಾರ ಮಾತ್ರ ಒಳಗೆ ಬಿಡುತ್ತಿಲ್ಲ. ಆ ಕಾವಲುಗಾರ, ನನ್ನ ರೂಟರಿನ ಓಪನ್‌ಡಬ್ಲ್ಯೂಆರ್‌ಟಿ ಫೈರ್‌ವಾಲ್, ವ್ಯಾನ್ ವಲಯದಿಂದ ಲ್ಯಾನ್ ವಲಯಕ್ಕೆ ಹೊಸ ಸಂಪರ್ಕಗಳನ್ನು ಬಿಡದೆ ನಿರಾಕರಿಸುತ್ತದೆ, ನಿರಾಕರಿಸಿದ್ದನ್ನು ತಿಳಿಸುತ್ತದೆ ಕೂಡ. ಸದ್ದಿಲ್ಲದೆ ಬಿಸಾಡುವ ಫೈರ್‌ವಾಲ್ ಆಗಿದ್ದರೆ ಇನ್ನೊಂದು ಗಂಟೆ ಹುಡುಕಬೇಕಾಗುತ್ತಿತ್ತು. ಮನೆಯೊಳಗಿನ ಜಾಲದಲ್ಲಿ ನಿರಾಕರಣೆಯೇ ಒಳ್ಳೆಯ ಪದ್ಧತಿ ಎಂದು ನಾನು ನಂಬುವುದು ಇದಕ್ಕೇ.

ಮೇಲಿನ ರೂಟರಿನಲ್ಲಿ ವ್ಯಾನ್‌ನಿಂದ ಲ್ಯಾನ್‌ಗೆ ಫಾರ್ವರ್ಡ್ ಅನುಮತಿ ಕೊಟ್ಟೆ, ವ್ಯಾನ್ ವಲಯದ ಮಾಸ್ಕರೇಡಿಂಗ್ (ಮೇಲೆ ಹೇಳಿದ ನ್ಯಾಟ್) ತೆಗೆದೆ. ಇದು ಇಂಟರ್ನೆಟ್‌ಗೆ ನೇರವಾಗಿ ಮುಖ ಮಾಡಿದ ರೂಟರ್ ಆಗಿದ್ದರೆ ಖಂಡಿತ ಮಾಡಬಾರದ ಕೆಲಸ. ಇಲ್ಲಿ ‘ವ್ಯಾನ್’ ಎಂದರೆ ನಮ್ಮದೇ ಮನೆಯ ಕೆಳಗಿನ ಜಾಲ, ಹೊರಗಿನ ಕಾವಲನ್ನು ಕೆಳಗಿನ ರೂಟರ್ ನೋಡಿಕೊಳ್ಳುತ್ತದೆ. ಮಾಸ್ಕರೇಡಿಂಗ್ ತೆಗೆದ ಮೇಲೆ ಮಹಡಿಯ ಯಂತ್ರಗಳು ತಮ್ಮ ನಿಜವಾದ ವಿಳಾಸದಲ್ಲೇ ಕೆಳಗೆ ಬರುತ್ತವೆ. ಕೆಳಗಿನ ರೂಟರ್ ಅವುಗಳನ್ನು ಇಂಟರ್ನೆಟ್‌ಗೆ ಕಳಿಸುವಾಗ ಒಮ್ಮೆ ಮಾತ್ರ ವಿಳಾಸ ಬದಲಿಸುತ್ತದೆ. ಕೆಲವು ರೂಟರ್‌ಗಳ ಮೂಲ ತಂತ್ರಾಂಶ ತನ್ನದೇ ಸಬ್‌ನೆಟ್‌ಗೆ ಮಾತ್ರ ನ್ಯಾಟ್ ಮಾಡುತ್ತದೆ. ಅಂಥದ್ದಿದ್ದರೆ ಮಹಡಿಗೆ ಇಂಟರ್ನೆಟ್ಟೇ ಹೋಗಿಬಿಡುತ್ತದೆ. ನನ್ನದರಲ್ಲಿ ಆ ತೊಂದರೆ ಇರಲಿಲ್ಲ.

ಪಿಂಗ್ ಉತ್ತರಿಸಿತು. ನನ್ನ ಲಿನಕ್ಸ್ ಲ್ಯಾಪ್‌ಟಾಪನ್ನು ಕೆಳಗೆ ತಂದು ನ್ಯಾಸ್‌ನ ಆಡಳಿತ ಪುಟ ತೆರೆದೆ, ತೆರೆಯಿತು. ಕೆಲಸ ಮುಗಿಯಿತೆಂದು ಎದ್ದೆ.

ಎರಡನೇ ಸಂಜೆ

“ಅಣ್ಣ, ನಿನ್ನದರಲ್ಲಿ ತೆರೆಯುತ್ತದೆ, ನನ್ನದರಲ್ಲಿ ಸುತ್ತುತ್ತಲೇ ಇದೆ” ಎಂದಳು ತಂಗಿ. ಹೋಗಿ ನೋಡಿದೆ. ಪಿಂಗ್ ಒಂದೂ ತಪ್ಪದೆ ಬರುತ್ತಿದೆ. ಬ್ರೌಸರ್ ಮಾತ್ರ ಕಾಯುತ್ತಿದೆ. ‘ಸಂಪರ್ಕ ಸಿಗಲಿಲ್ಲ’ ಎಂದು ತಕ್ಷಣ ಹೇಳುತ್ತಿಲ್ಲ. ಸಂಪರ್ಕ ಸಿಕ್ಕಂತೆ ಮಾಡಿ, ಆಮೇಲೆ ಏನೂ ಬಾರದೆ ಕಾದು ಕಾದು ಕೈಬಿಡುತ್ತಿದೆ.

ಕೇಬಲ್ ಬದಲಿಸಿದೆ. ನ್ಯಾಸ್‌ನ ಫೈರ್‌ವಾಲ್ ನೋಡಿದೆ. ಲ್ಯಾಪ್‌ಟಾಪಿನ ಆಂಟಿವೈರಸ್ ಒಂದು ನಿಮಿಷ ನಿಲ್ಲಿಸಿದೆ. ಇವು ಯಾವುದೂ ಕಾರಣವಲ್ಲ. ಎಷ್ಟೋ ಹೊತ್ತಾದ ಮೇಲೆ, ಅಷ್ಟರವರೆಗೂ ಕಣ್ಣೆದುರೇ ಇದ್ದ ಒಂದು ಅಂಕಿಯನ್ನು ಗಮನಿಸಿದೆ. ಪಿಂಗ್‌ನ ಪ್ರತಿ ಉತ್ತರದ ಕೊನೆಗೆ ಟಿಟಿಎಲ್ 63 ಎಂದಿತ್ತು.

ಟಿಟಿಎಲ್ ಎಂಬುದು ಪ್ಯಾಕೆಟ್‌ನ ಆಯಸ್ಸು. ಹೊರಡುವಾಗ ಒಂದು ಸಂಖ್ಯೆ ಇರುತ್ತದೆ, ಪ್ರತಿ ರೂಟರ್ ದಾಟುವಾಗ ಒಂದು ಕಡಿಮೆಯಾಗುತ್ತದೆ. ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ 64ರಿಂದ, ವಿಂಡೋಸ್ ಯಂತ್ರಗಳು 128ರಿಂದ ಶುರು ಮಾಡುತ್ತವೆ. ನನ್ನ ನ್ಯಾಸ್ ಲಿನಕ್ಸ್. ಅಂದರೆ ಉತ್ತರ ಒಂದೇ ರೂಟರನ್ನು ದಾಟಿ ಬಂದಿದೆ. ಹೋಗುವ ದಾರಿಯಲ್ಲಿ ಎರಡು ರೂಟರ್ ಇದ್ದುದನ್ನು ಸ್ಟ್ಯಾಟಿಕ್ ರೂಟ್ ಹಾಕಿದ ನಂತರದ ಟ್ರೇಸ್‌ರೂಟ್ ತೋರಿಸಿತ್ತು, ಮೊದಲು 192.168.1.1, ಆಮೇಲೆ 192.168.1.2. ಹೋಗುವಾಗ ಎರಡು, ಬರುವಾಗ ಒಂದು!

ಒಂದು ಕಾಗದದ ಮೇಲೆ ಬರೆದು ನೋಡಿದಾಗ ಅರ್ಥವಾಯಿತು. ತಂಗಿಯ ಲ್ಯಾಪ್‌ಟಾಪ್‌ಗೆ ಗೊತ್ತಿರುವ ಗೇಟ್‌ವೇ ಒಂದೇ, 192.168.1.1. ಅದು ಪ್ಯಾಕೆಟ್ಟನ್ನು ಅಲ್ಲಿಗೆ ಕೊಡುತ್ತದೆ, ಕೆಳಗಿನ ರೂಟರ್ ಅದೇ ಲ್ಯಾನ್‌ನಲ್ಲಿರುವ ಮೇಲಿನ ರೂಟರ್‌ಗೆ ದಾಟಿಸುತ್ತದೆ, ಮೇಲಿನದು ನ್ಯಾಸ್‌ಗೆ. ನ್ಯಾಸ್‌ನ ಉತ್ತರ ಮೇಲಿನ ರೂಟರ್‌ಗೆ ಮರಳುತ್ತದೆ. ಗುರಿ 192.168.1.20. ಮೇಲಿನ ರೂಟರ್‌ನ ವ್ಯಾನ್ ಮುಖ ಅದೇ ಸಬ್‌ನೆಟ್‌ನಲ್ಲಿದೆ. ಅದಕ್ಕೆ ಲ್ಯಾಪ್‌ಟಾಪ್ ನೇರವಾಗಿ ಕಾಣುವ ನೆರೆಯವನು. ಆದ್ದರಿಂದ ನೇರವಾಗಿ ಕೊಟ್ಟುಬಿಡುತ್ತದೆ. ಆ ಪ್ಯಾಕೆಟ್ ಕೆಳಗಿನ ರೂಟರ್ ಪೆಟ್ಟಿಗೆಯ ಸ್ವಿಚ್ ಮೂಲಕ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಜಾರಿ ಹೋಗುತ್ತದೆಯೇ ಹೊರತು ಅದರ ರೂಟಿಂಗ್ ಮತ್ತು ಫೈರ್‌ವಾಲ್ ಕಣ್ಣಿಗೆ ಬೀಳುವುದೇ ಇಲ್ಲ. ಹೋದ ದಾರಿಯಲ್ಲೇ ಮರಳಬೇಕೆಂಬ ನಿಯಮ ಇಂಟರ್ನೆಟ್‌ನ ಮೂಲ ನಿಯಮಾವಳಿಯಾದ ಐಪಿಯಲ್ಲಿ ಇಲ್ಲ. ಪ್ರತಿ ರೂಟರ್ ತನಗೆ ಹತ್ತಿರದ ದಾರಿಯನ್ನು ತಾನೇ ಆರಿಸುತ್ತದೆ.

ಪಿಂಗ್‌ಗೆ ಇದರಿಂದ ತೊಂದರೆಯಿಲ್ಲ. ಪ್ರತಿ ವಿನಂತಿಯೂ ಫೈರ್‌ವಾಲ್ ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ, ಅನುಮತಿ ಇದೆ, ಹೋಗುತ್ತದೆ. ಬ್ರೌಸರ್ ಪುಟ ತರಲು ಬಳಸುವ ಟಿಸಿಪಿ ಸಂಪರ್ಕ ಹಾಗಲ್ಲ. ಅದು ಮೂರು ಮಾತುಗಳ ಒಪ್ಪಂದದಿಂದ ಶುರುವಾಗುತ್ತದೆ: ಲ್ಯಾಪ್‌ಟಾಪ್ ಸಿನ್ ಕಳಿಸುತ್ತದೆ, ನ್ಯಾಸ್ ಸಿನ್-ಆಕ್ ಎನ್ನುತ್ತದೆ, ಲ್ಯಾಪ್‌ಟಾಪ್ ಆಕ್ ಎಂದು ಮುಗಿಸುತ್ತದೆ. ಕೆಳಗಿನ ರೂಟರ್ ನೋಡಿದ್ದು ಮೊದಲ ಮಾತನ್ನು ಮಾತ್ರ. ಎರಡನೆಯದು ಅದರ ಬೆನ್ನ ಹಿಂದೆ ಹೋಯಿತು. ಮೂರನೆಯದು ಬಂದಾಗ, ಇದು ಯಾವ ಮಾತಿಗೆ ಉತ್ತರ ಎಂದು ಅದಕ್ಕೆ ತಿಳಿಯುವುದಿಲ್ಲ. ಸಂಪರ್ಕಗಳ ಲೆಕ್ಕ ಇಡುವ ಕಾನ್‌ಟ್ರ್ಯಾಕ್ ಆ ಪ್ಯಾಕೆಟ್ ಮೇಲೆ ‘ಇನ್ವ್ಯಾಲಿಡ್’ ಎಂಬ ಮುದ್ರೆ ಒತ್ತುತ್ತದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಅಂಥ ಪ್ಯಾಕೆಟ್‌ಗಳನ್ನು ಬಿಸಾಡುವ ಆಯ್ಕೆ ತಾನಾಗಿ ಆನ್ ಇರುವುದಿಲ್ಲ. ಬಹಳ ಹಿಂದೆ ಭದ್ರತೆ ಬಿಗಿಯಾಗಲಿ ಎಂದು ನಾನೇ ಆನ್ ಮಾಡಿದ್ದೆ.

ಊಹೆ ಸರಿಯಿರಬಹುದು, ಆದರೆ ಕಣ್ಣಾರೆ ಕಾಣುವವರೆಗೂ ನನಗೆ ಸಮಾಧಾನವಿಲ್ಲ. ಹಾದುಹೋಗುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ತಂತ್ರಾಂಶಗಳಿಂದ ಮೂರು ಕಡೆ ಬಲೆ ಹಾಕಿದೆ: ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್, ಎರಡೂ ರೂಟರ್‌ಗಳಲ್ಲಿ ಟಿಸಿಪಿಡಂಪ್. ಲ್ಯಾಪ್‌ಟಾಪಿನಲ್ಲಿ ಸಿನ್ ಹೋಯಿತು, ಸಿನ್-ಆಕ್ ಬಂತು, ಆಕ್ ಹೋಯಿತು, ಅದರ ಬೆನ್ನಿಗೇ ಪುಟದ ಕೋರಿಕೆಯೂ ಹೋಯಿತು. ಲ್ಯಾಪ್‌ಟಾಪಿನ ಮಟ್ಟಿಗೆ ಸಂಪರ್ಕ ಆಗಿದೆ. ಬ್ರೌಸರ್ ಸುತ್ತುತ್ತಿದ್ದುದು ಅದಕ್ಕೇ. ಕೆಳಗಿನ ರೂಟರಿನಲ್ಲಿ ಆಕ್ ಒಳಗೆ ಬಂದದ್ದು ಕಾಣುತ್ತದೆ, ಹೊರಗೆ ಹೋದದ್ದು ಕಾಣುವುದಿಲ್ಲ. ಮೇಲಿನ ರೂಟರಿನ ವ್ಯಾನ್ ಮುಖದಲ್ಲಿ ಸಿನ್-ಆಕ್ ಒಂದು ಸೆಕೆಂಡಿನ ನಂತರ ಮತ್ತೊಮ್ಮೆ, ಎರಡು ಸೆಕೆಂಡಿನ ನಂತರ ಮಗದೊಮ್ಮೆ, ಆಮೇಲೆ ನಾಲ್ಕು. ನ್ಯಾಸ್ ಪಾಪ, ಕೇಳಿಸಿಕೊಳ್ಳದವರನ್ನು ಕೂಗಿದಂತೆ ಕೂಗುತ್ತಲೇ ಇತ್ತು. ಕೆಳಗಿನ ರೂಟರಿನ ಕಾನ್‌ಟ್ರ್ಯಾಕ್ ಪಟ್ಟಿಯಲ್ಲಿ ಆ ಸಂಪರ್ಕ ‘ಸಿನ್ ಸೆಂಟ್, ಅನ್‌ರಿಪ್ಲೈಡ್’ (ಸಿನ್ ಹೋಗಿದೆ, ಉತ್ತರ ಬಂದಿಲ್ಲ) ಎಂದು ಕುಳಿತಿತ್ತು.

ಹಾಗಾದರೆ ನನ್ನ ಲ್ಯಾಪ್‌ಟಾಪಿನಲ್ಲಿ ಹೇಗೆ ತೆರೆಯಿತು? ಈ ಪ್ರಶ್ನೆ ಬಿಟ್ಟು ಮುಂದೆ ಹೋಗಿದ್ದರೆ ಅರ್ಧ ಸತ್ಯ ಮಾತ್ರ ಸಿಗುತ್ತಿತ್ತು. ಬಂದ ಮುಖದಿಂದಲೇ ಪ್ಯಾಕೆಟ್ ಹೊರಗೆ ಹೋಗಬೇಕಾದಾಗ, ‘ನೀನು ನನ್ನ ಬಳಿ ಬರಬೇಕಿಲ್ಲ, ಪಕ್ಕದ 192.168.1.2ಕ್ಕೇ ನೇರವಾಗಿ ಕೊಡು’ ಎಂದು ರೂಟರ್ ಒಂದು ಸೂಚನೆ ಕಳಿಸಬಹುದು. ಅದು ಜಾಲದ ಇಂಥ ಸೂಚನೆಗಳನ್ನು ಸಾಗಿಸುವ ಐಸಿಎಂಪಿಯ ಐದನೇ ಬಗೆಯ ಸಂದೇಶ, ಹೆಸರು ರೀಡೈರೆಕ್ಟ್. ನನ್ನ ಲಿನಕ್ಸ್ ಆ ಸೂಚನೆಯನ್ನು ಪಾಲಿಸಿತ್ತು. ನ್ಯಾಸ್‌ಗೆ ದಾರಿ ಯಾವುದೆಂದು ‘ಐಪಿ ರೂಟ್ ಗೆಟ್’ ಆದೇಶದಿಂದ ಕೇಳಿದಾಗ, 192.168.1.2 ಎಂದೂ ಪಕ್ಕದಲ್ಲಿ ‘ರೀಡೈರೆಕ್ಟೆಡ್’ ಎಂದೂ ತೋರಿಸಿತು. ಮೊದಲ ಸಿನ್ ಮಾತ್ರ ಸುತ್ತಿ ಹೋಗಿ, ಉಳಿದದ್ದೆಲ್ಲ ನೇರವಾಗಿ ಹೋಗಿತ್ತು. ತಂಗಿಯ ಲ್ಯಾಪ್‌ಟಾಪಿನಲ್ಲಿ ರೀಡೈರೆಕ್ಟ್ ಸ್ವೀಕರಿಸದಂತೆ ಹೊಂದಿಸಿತ್ತು, ಅದು ಸರಿಯೂ ಹೌದು. ಯಾರೋ ಕಳಿಸಿದ ಸುಳ್ಳು ಸೂಚನೆಯನ್ನು ನಂಬಿ ದಾರಿ ಬದಲಿಸುವ ಯಂತ್ರ ಒಳ್ಳೆಯದಲ್ಲ.

ಖಚಿತಪಡಿಸಿಕೊಳ್ಳಲು ‘ಇನ್ವ್ಯಾಲಿಡ್ ಪ್ಯಾಕೆಟ್ ಬಿಸಾಡು’ ಆಯ್ಕೆಯನ್ನು ಒಂದು ನಿಮಿಷ ತೆಗೆದೆ. ತಂಗಿಯ ಪರದೆಯಲ್ಲಿ ಪುಟ ತಕ್ಷಣ ತೆರೆಯಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು.

ಯಾವ ಪರಿಹಾರ?

‘ಬಿಸಾಡು’ ಆಯ್ಕೆಯ ಗುರುತನ್ನು ತೆಗೆದು ಮಲಗಬಹುದಿತ್ತು. ಬೇಡವೆನ್ನಿಸಿತು. ಒಂದು ಕಡೆಯ ಮಾತು ಮಾತ್ರ ಕೇಳುವ ಫೈರ್‌ವಾಲ್ ಎರಡು ಕಡೆಯನ್ನೂ ಕಾಯಲಾರದು. ಕೆಳಗಿನ ಯಂತ್ರಗಳಿಗೆ ಡಿಎಚ್‌ಸಿಪಿಯ 121ನೇ ಆಯ್ಕೆಯ ಮೂಲಕ ಮಹಡಿಯ ದಾರಿಯನ್ನು ಹಂಚುವುದು ಇನ್ನೊಂದು ಉಪಾಯ. ಅದರಲ್ಲಿ ಎಚ್ಚರ ಬೇಕು: 121ನ್ನು ಪಾಲಿಸುವ ಯಂತ್ರ ಮಾಮೂಲಿ ಗೇಟ್‌ವೇ ಆಯ್ಕೆಯನ್ನು ಕಡೆಗಣಿಸುತ್ತದೆ, ಆದ್ದರಿಂದ ಡೀಫಾಲ್ಟ್ ದಾರಿಯನ್ನೂ ಅದರೊಳಗೇ ಬರೆಯದಿದ್ದರೆ ಇಂಟರ್ನೆಟ್ ಹೋಗುತ್ತದೆ. ಅಲ್ಲದೆ ಸ್ಥಿರ ವಿಳಾಸ ಕೊಟ್ಟ ಯಂತ್ರಗಳಿಗೆ ಇದು ತಲುಪುವುದೇ ಇಲ್ಲ. ಮೂರನೆಯ ಉಪಾಯ, ಮಹಡಿಗೆ ಹೋಗುವ ಎಲ್ಲವನ್ನೂ ಕೆಳಗಿನ ರೂಟರ್ ತನ್ನ ವಿಳಾಸದಲ್ಲಿ ಕಳಿಸುವಂತೆ ನ್ಯಾಟ್ ಮಾಡುವುದು. ಕೆಲಸವೇನೋ ಆಗುತ್ತದೆ, ಆದರೆ ನ್ಯಾಸ್‌ನ ದಾಖಲೆಯಲ್ಲಿ ಯಾರು ಬಂದರೂ 192.168.1.1 ಎಂದೇ ಇರುತ್ತದೆ. ಯಾರ ನಕಲು ಯಾವಾಗ ಆಯಿತು ಎಂದು ನನಗೆ ತಿಳಿಯಬೇಕು.

ಬೇರು ಇರುವುದು ಬೇರೆ ಕಡೆ. ಮೇಲಿನ ರೂಟರ್ ಕೆಳಗಿನ ಯಂತ್ರಗಳ ನಡುವೆಯೇ ಬಂದು ಕುಳಿತಿದೆ. ಅದನ್ನು ಅಲ್ಲಿಂದ ಎಬ್ಬಿಸಿ, ಎರಡು ರೂಟರ್‌ಗಳಿಗೆ ಮಾತ್ರ ಸೇರಿದ ಒಂದು ಪುಟ್ಟ ಜಾಲ ಮಾಡಿಕೊಟ್ಟರೆ, ಹೋಗುವುದೂ ಬರುವುದೂ ಎರಡನ್ನೂ ದಾಟಿಯೇ ಆಗಬೇಕು. ಅದಕ್ಕೆ 10.99.0.0/30 ಆರಿಸಿದೆ. ಅದರಲ್ಲಿ ನಾಲ್ಕು ವಿಳಾಸ, ಬಳಸಲು ಬರುವುದು ಎರಡು, ಬೇಕಾದದ್ದೂ ಎರಡೇ.

ಮೂರನೇ ಸಂಜೆ

ಕೆಳಗಿನ ರೂಟರಿನ ಲ್ಯಾನ್ ಪೋರ್ಟ್‌ಗಳನ್ನು ಒಂದುಗೂಡಿಸುವ ಬ್ರಿಡ್ಜ್‌ನಿಂದ ನಾಲ್ಕನೇ ಲ್ಯಾನ್ ಪೋರ್ಟನ್ನು ಹೊರತೆಗೆದು, ಅದಕ್ಕೆ ‘ಲಿಂಕ್’ ಎಂಬ ಹೊಸ ಇಂಟರ್‌ಫೇಸ್ ಮಾಡಿ 10.99.0.1 ಕೊಟ್ಟೆ. ಇದನ್ನು ಮಾಡುವಾಗ ನಾನು ಮಹಡಿಯಲ್ಲಿದ್ದೆ. ‘ಅಪ್ಲೈ’ ಒತ್ತಿದ ಕ್ಷಣವೇ ನಾನು ಕುಳಿತಿದ್ದ ಕೊಂಬೆ ಕಡಿದುಹೋಯಿತು, ಏಕೆಂದರೆ ಮೇಲಿನ ರೂಟರ್ ಇನ್ನೂ 192.168.1.2 ಎಂದೇ ನಂಬಿಕೊಂಡಿತ್ತು. ಓಪನ್‌ಡಬ್ಲ್ಯೂಆರ್‌ಟಿಯ ಜಾಲಪುಟವಾದ ಲೂಸಿ ಇಂಥ ಸಂದರ್ಭಕ್ಕೆಂದೇ ಒಂದು ಒಳ್ಳೆಯ ಏರ್ಪಾಡು ಮಾಡಿದೆ: ಬದಲಾವಣೆಯ ನಂತರ ನಿಗದಿತ ಸಮಯದೊಳಗೆ ಬ್ರೌಸರ್ ಮತ್ತೆ ಸಂಪರ್ಕಕ್ಕೆ ಬಾರದಿದ್ದರೆ ಹಳೆಯ ಹೊಂದಿಕೆಗೆ ತಾನೇ ಮರಳುತ್ತದೆ. ಕಾದೆ, ಮರಳಿತು. ಈ ಬಾರಿ ಮೊದಲು ಮೇಲಿನ ರೂಟರಿನ ವ್ಯಾನ್‌ಗೆ 10.99.0.2, ಗೇಟ್‌ವೇ ಮತ್ತು ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) 10.99.0.1 ಎಂದು ಬರೆದು ಉಳಿಸಿ, ಮೆಟ್ಟಿಲಿಳಿದು ಹೋಗಿ, ಕೆಳಗಿನದರ ಮೊದಲ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಉಳಿದದ್ದನ್ನು ಮುಗಿಸಿದೆ.

ಹಳೆಯ ಸ್ಟ್ಯಾಟಿಕ್ ರೂಟ್ ಅಳಿಸಿ, 192.168.2.0/24ಕ್ಕೆ (255.255.255.0 ಮಾಸ್ಕನ್ನೇ ಚಿಕ್ಕದಾಗಿ ಬರೆದದ್ದು) ಗೇಟ್‌ವೇ 10.99.0.2 ಎಂದು ಹೊಸದು ಬರೆದೆ. ‘ಲಿಂಕ್’ಗೆ ಪ್ರತ್ಯೇಕ ಫೈರ್‌ವಾಲ್ ವಲಯ: ಲ್ಯಾನ್‌ನಿಂದ ಲಿಂಕ್‌ಗೆ, ಲಿಂಕ್‌ನಿಂದ ಲ್ಯಾನ್‌ಗೆ ಅನುಮತಿ. ನ್ಯಾಸ್ ಸಿಕ್ಕಿತು, ಆದರೆ ಮಹಡಿಗೆ ಇಂಟರ್ನೆಟ್ ಇಲ್ಲ. ಲಿಂಕ್‌ನಿಂದ ವ್ಯಾನ್‌ಗೆ ಅನುಮತಿ ಕೊಡುವುದನ್ನು ಮರೆತಿದ್ದೆ. ಕೊಟ್ಟೆ, ಬಂತು.

ತಂಗಿಯ ಲ್ಯಾಪ್‌ಟಾಪಿನಿಂದ ಪಿಂಗ್. ಟಿಟಿಎಲ್ 62. ‘ಇನ್ವ್ಯಾಲಿಡ್ ಪ್ಯಾಕೆಟ್ ಬಿಸಾಡು’ ಆಯ್ಕೆ ಆನ್ ಇದ್ದಂತೆಯೇ ಪುಟ ತೆರೆಯಿತು.

ಉಳಿದ ಚೂರುಪಾರು

ಮಹಡಿಯಿಂದ ತಂಗಿಯ ಲ್ಯಾಪ್‌ಟಾಪ್‌ಗೆ ಪಿಂಗ್ ಹೋಗಲಿಲ್ಲ, ಒಂದು ಕ್ಷಣ ಎದೆ ಧಸಕ್ಕೆಂದಿತು. ದಾರಿ ಸರಿಯಿತ್ತು. ವಿಂಡೋಸ್ ಫೈರ್‌ವಾಲ್‌ನ ಖಾಸಗಿ ಜಾಲದ ನಿಯಮಗಳಲ್ಲಿ ಪಿಂಗ್‌ಗೆ ಉತ್ತರಿಸುವ ನಿಯಮದ ವ್ಯಾಪ್ತಿ ‘ಸ್ಥಳೀಯ ಸಬ್‌ನೆಟ್’ ಎಂದಷ್ಟೇ ಇರುತ್ತದೆ. ಆ ವ್ಯಾಪ್ತಿಗೆ 192.168.2.0/24 ಸೇರಿಸಿದ ಮೇಲೆ ಉತ್ತರಿಸಿತು. ಎರಡು ಸಬ್‌ನೆಟ್ ಜೋಡಿಸುವವರು ರೂಟರನ್ನು ಬೈಯುವ ಮೊದಲು ಇದನ್ನೊಮ್ಮೆ ನೋಡಬೇಕು.

ವಿಂಡೋಸ್‌ನ ‘ನೆಟ್‌ವರ್ಕ್’ ಪಟ್ಟಿಯಲ್ಲಿ ನ್ಯಾಸ್ ತಾನಾಗಿ ಕಾಣಿಸುವುದಿಲ್ಲ. ಹೀಗೆ ಒಬ್ಬರನ್ನೊಬ್ಬರು ಹುಡುಕುವ ಕೂಗುಗಳು ಆಯಾ ಸಬ್‌ನೆಟ್‌ನೊಳಗೇ ಉಳಿಯುತ್ತವೆ. ಅಂಥ ಹುಡುಕಾಟದ ಒಂದು ವಿಧಾನವಾದ ಎಂಡಿಎನ್‌ಎಸ್ ಬಳಸುವ 224.0.0.251 ಎಂಬ ವಿಳಾಸದ ಪ್ಯಾಕೆಟ್‌ಗಳನ್ನು ರೂಟರ್ ದಾಟಿಸುವುದೇ ಇಲ್ಲ. ಕೆಳಗಿನ ರೂಟರಿನ ಹೆಸರುಗಳ ಪಟ್ಟಿಯಲ್ಲಿ ನ್ಯಾಸ್‌ನ ಹೆಸರನ್ನೂ ವಿಳಾಸವನ್ನೂ ಬರೆದುಬಿಟ್ಟೆ, ಅಷ್ಟು ಸಾಕಾಯಿತು.

ಮೇಲಿನಿಂದ ಕೆಳಗಿನ ಪ್ರಿಂಟರನ್ನು ಹೆಸರಿನಿಂದ ಕರೆಯುವುದು ಮಾತ್ರ ಇನ್ನಷ್ಟು ಕಾಡಿತು. ಎರಡೂ ರೂಟರ್‌ಗಳಲ್ಲಿ ಸ್ಥಳೀಯ ಡೊಮೇನ್ (ಯಂತ್ರಗಳ ಹೆಸರಿನ ಕೊನೆಗೆ ಬರುವ ಭಾಗ) ‘ಲ್ಯಾನ್’ ಎಂದೇ ಇತ್ತು. ಆ ಹೆಸರುಗಳೆಲ್ಲ ತನ್ನವೇ ಎಂದುಕೊಂಡ ಮೇಲಿನ ರೂಟರ್ ಕೆಳಗೆ ಕೇಳುವುದೇ ಇಲ್ಲ. ಕೆಳಗಿನದರ ಡೊಮೇನನ್ನು, ಮನೆಯ ಜಾಲಗಳಿಗೆಂದೇ 2018ರಲ್ಲಿ ಮೀಸಲಿಟ್ಟ ‘ಹೋಮ್.ಆರ್ಪಾ’ಗೆ ಬದಲಿಸಿದೆ. ಆಗ ಪ್ರಶ್ನೆ ಕೆಳಗೆ ಹೋಯಿತು, ಉತ್ತರವೂ ಬಂತು, ಆದರೆ ಮೇಲಿನ ರೂಟರ್ ಆ ಉತ್ತರವನ್ನು ನುಂಗಿಹಾಕಿತು. ಹೊರಗಿನಿಂದ ಬಂದ ಡಿಎನ್‌ಎಸ್ ಉತ್ತರದಲ್ಲಿ ಖಾಸಗಿ ವಿಳಾಸ ಇದ್ದರೆ ಅದನ್ನು ಮೋಸವೆಂದು ಬಗೆಯುವ ರೀಬೈಂಡ್ ರಕ್ಷಣೆ ಅದರಲ್ಲಿದೆ. ಸಿಸ್ಟಂ ಲಾಗ್‌ನಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿತ್ತು. ರಕ್ಷಣೆ ತೆಗೆಯದೆ, ಆ ಒಂದು ಡೊಮೇನ್‌ಗೆ ಮಾತ್ರ ವಿನಾಯಿತಿ ಕೊಟ್ಟೆ.

ಆ ರಾತ್ರಿ ತಂಗಿಯ ಲ್ಯಾಪ್‌ಟಾಪಿನ ಮೊದಲ ಪೂರ್ಣ ನಕಲು ನಡೆಯಿತು. ಬೆಳಗ್ಗೆ ನ್ಯಾಸ್‌ನ ದಾಖಲೆ ತೆರೆದು ನೋಡಿದೆ. ಬಂದವರ ವಿಳಾಸದ ಜಾಗದಲ್ಲಿ 192.168.1.20 ಎಂದಿತ್ತು.